ಮೇಲೇಳದ ಮುಳ್ಳು

ಜಪಾರ್ ಕೀಲಿ ತಿರುಗಿಸಿದ. ಲಾರಿ ಮುದಿ ಒಂಟೆಯ ಹಾಗೆ ಗೊರಗೊರ ಕೆಮ್ಮಿ, ಮೈಯೆಲ್ಲ ಕೊಡವಿ, ಹೇಗೋ ಚಾಲೂ ಆಯಿತು. ಆದರೆ ಎಣ್ಣೆಯ ಒತ್ತಡ ತೋರಿಸುವ ಮುಳ್ಳು ಮಾತ್ರ ಸೊನ್ನೆಯ ಮೇಲೆ ಮಲಗಿದ್ದುದು ಏಳಲೇ ಇಲ್ಲ.

ಹೊರಗೆ ಮೈನಸ್ ಇಪ್ಪತ್ತೆಂಟು. ಅಂಥ ಚಳಿಯಲ್ಲಿ ಎಂಜಿನ್ನಿನ ತಳದಲ್ಲಿರುವ ಎಣ್ಣೆ ಕುರಿಯ ಕೊಬ್ಬಿನಂತೆ ಗಟ್ಟಿಯಾಗಿರುತ್ತದೆ. ಅದು ಕರಗಿ ಮೇಲೇರುವವರೆಗೆ ಒಳಗೆ ಕಬ್ಬಿಣಕ್ಕೆ ಕಬ್ಬಿಣ ಉಜ್ಜುತ್ತದೆ. ಮೂರು ವರ್ಷದ ಹಿಂದೆ ಇದೇ ಲಾರಿಯನ್ನು ಆತುರದಲ್ಲಿ ಓಡಿಸಿ, ಬೇರಿಂಗು ಸುಟ್ಟುಕೊಂಡು, ಚಳಿಗಾಲವಿಡೀ ಮನೆಯಲ್ಲಿ ಕೂತು ಹೆಂಡತಿಯ ಮಾತು ಕೇಳಿದವನು ಜಪಾರ್. ಹಾಗಾಗಿ ಆಕ್ಸಿಲರೇಟರಿನಿಂದ ಕಾಲು ತೆಗೆದು, ಮುಳ್ಳನ್ನೇ ದಿಟ್ಟಿಸುತ್ತ ಎಣಿಸತೊಡಗಿದ. ಒಂದು, ಎರಡು, ಮೂರು...

ಲಾರಿಯ ಹಿಂಬದಿಯಲ್ಲಿ ಅವನ ಮಾನವೇ ಮೂಟೆ ಕಟ್ಟಿಕೊಂಡು ಕೂತಿತ್ತು. ಮಗಳು ಕೆಂಜೆಗೆ ಶರತ್ಕಾಲದಲ್ಲಿ ಮದುವೆಯಾಗಿತ್ತು. ಬಳುವಳಿಯ ಕಂಬಳಿಗಳ ಹೊಲಿಗೆ ಮುಗಿದಿರಲಿಲ್ಲವಾಗಿ ಹುಡುಗಿ ಬರಿಗೈಯಲ್ಲಿ ಗಂಡನ ಮನೆ ಸೇರಿದ್ದಳು. ನಾಲ್ಕು ತಿಂಗಳಿಂದ ಆ ಊರಿನ ಹೆಂಗಸರು ಅದನ್ನೇ ಆಡಿಕೊಳ್ಳುತ್ತಿದ್ದರು. ಇವತ್ತು ಎರಡು ಪೆಟ್ಟಿಗೆ, ಹನ್ನೆರಡು ರಜಾಯಿ, ಮೂರು ಕಂಬಳಿ ಸಿದ್ಧವಾಗಿದ್ದವು. ಬೀಗರು ಕುರಿ ಕಡಿದು, ಹಿರಿಯರನ್ನೆಲ್ಲ ಮಧ್ಯಾಹ್ನದ ಊಟಕ್ಕೆ ಕರೆದಿದ್ದರು.

ಏಳು, ಎಂಟು...

"ಜಪಾರಣ್ಣ, ಏನು ಹಸುಗೂಸಿನ ಹಾಗೆ ತೂಗ್ತಿದ್ದೀಯಾ? ಒತ್ತು ಸ್ವಲ್ಪ!" ಎನ್ನುತ್ತ ಪಕ್ಕದ ಮನೆಯ ಟ್ಯಾಕ್ಸಿ ಚಾಲಕ ಜೆಂಗಿಷ್ ತೆರೆದಿದ್ದ ಬಾಗಿಲಿನಿಂದ ಒಳಗೆ ಬಾಗಿ, ಕೈಯಿಂದಲೇ ಪೆಡಲನ್ನು ಅದುಮಿಬಿಟ್ಟ.

ಎಂಜಿನ್ನು ಕಿಟಾರನೆ ಕಿರುಚಿತು. ಒಳಗೆಲ್ಲೋ ಟಕಟಕ ಸದ್ದು. ಜಪಾರ್ ಥಟ್ಟನೆ ಕೀಲಿ ತಿರುಗಿಸಿ ಆರಿಸಿದ. ಅವನ ಪಿತ್ತ ನೆತ್ತಿಗೇರಿತ್ತು.

"ಕೈ ಮುರಿದು ಒಲೆಗೆ ಹಾಕ್ತೀನಿ ನೋಡು! ಯಾರೋ ನಿನ್ನ ಕರೆದಿದ್ದು?"

"ಉಪಕಾರ ಮಾಡೋಕೆ ಬಂದ್ರೆ ಬೈತೀಯಲ್ಲಣ್ಣ."

"ನಿನ್ನ ಉಪಕಾರಕ್ಕೆ ಬೆಂಕಿ ಹಾಕ!"

ಬೆಂಕಿ ಎಂಬ ಮಾತು ಕಿವಿಗೆ ಬಿದ್ದದ್ದೇ ತಡ, ಎದುರು ಮನೆಯ ನಿವೃತ್ತ ಭೌತಶಾಸ್ತ್ರ ಮೇಷ್ಟ್ರು ಓರೋಜ್ ಉರಿಯುಗುಳುವ ಬ್ಲೋಲ್ಯಾಂಪ್ ಹಿಡಿದು ಬಂದೇಬಿಟ್ಟರು. "ಶಾಖ ಕೊಡಬೇಕು ಜಪಾರ್. ಶಾಖ ಕೊಟ್ಟರೆ ದ್ರವ ತೆಳುವಾಗುತ್ತೆ. ಏಳನೇ ಕ್ಲಾಸಲ್ಲಿ ನಿಂಗೆ ಹೇಳಿಕೊಟ್ಟಿದ್ದೆ. ನೀನು ಕಿಟಕಿ ಕಡೆ ನೋಡ್ತಾ ಕೂತಿದ್ದೆ."

ಶಾಖ ಕೊಡಬೇಕೆಂಬುದು ಜಪಾರನಿಗೂ ಗೊತ್ತಿತ್ತು. ಆದರೆ ಮೇಷ್ಟ್ರು ಬ್ಲೋಲ್ಯಾಂಪನ್ನು ಬಿಟ್ಟುಕೊಡಲಿಲ್ಲ. ಲಾರಿಯಡಿ ತೂರಿ, ಮಲಗಿದಲ್ಲಿಂದಲೇ ಪಾಠ ಶುರುಮಾಡಿದರು. ಪಾಠದ ಭರದಲ್ಲಿ ಜ್ವಾಲೆ ಎತ್ತಲೋ ತಿರುಗಿ, ಎಂಜಿನ್ನಿಗೆ ಚಳಿಯಾಗದಿರಲೆಂದು ಜಪಾರ್ ಸುತ್ತಿದ್ದ ಹಳೆಯ ಉಣ್ಣೆಯ ಕಂಬಳಿಗೆ ತಗುಲಿತು. ಕಪ್ಪು ಹೊಗೆ ಎದ್ದಿತು.

"ಅಯ್ಯೋ, ಮೇಷ್ಟ್ರು ಉರಿದುಹೋದ್ರಲ್ಲಪ್ಪೋ!" ಎಂದು ಚೀರಿದ ಬುರ್ಮಾಕಾನ್ ಅಜ್ಜಿ, ತನ್ನ ಹಸುವಿಗೆಂದು ಒಯ್ಯುತ್ತಿದ್ದ ಎರಡು ಬಕೆಟ್ ನೀರನ್ನೂ ತಂದು ಸುರಿದಳು.

ಬೆಂಕಿ ಆರಿತು. ಮೇಷ್ಟ್ರು ತೊಪ್ಪೆಯಾದರು. ನೀರು ಮಾತ್ರ ನೆಲ ಮುಟ್ಟುವ ಮೊದಲೇ ಹೆಪ್ಪುಗಟ್ಟಿ, ಲಾರಿಯ ಹೊಟ್ಟೆಯಡಿ ಮುದುಕನ ಗಡ್ಡದಂತೆ ನೇತಾಡಿತು.

ಜಪಾರ್ ಟೋಪಿ ತೆಗೆದು ನೆಲಕ್ಕೆ ಬಡಿದ. "ಹೋಗಿ! ಎಲ್ಲರೂ ನಿಮ್ಮ ನಿಮ್ಮ ಮನೆಗೆ ಹೋಗಿ! ಇನ್ನೊಬ್ಬ ನನ್ನ ಲಾರಿ ಹತ್ರ ಬಂದ್ರೆ ಇದೇ ಚಕ್ರದಡಿ ಹಾಕ್ತೀನಿ!"

"ಚಕ್ರ ತಿರುಗಿದರೆ ತಾನೇ," ಎಂದ ಜೆಂಗಿಷ್. ಯಾರೂ ಕದಲಲಿಲ್ಲ.

ಕೊನೆಗೆ ಜಪಾರ್ ಮಂಜುಗಡ್ಡೆ ಒಡೆದು, ತಳದ ತಿರುಪು ಬಿಚ್ಚಿ, ಎಣ್ಣೆಯನ್ನೆಲ್ಲ ಬಕೆಟ್ಟಿಗೆ ಬಸಿದ. ಅದು ಚಳಿಗಾಲದ ಜೇನಿನಂತೆ ಇಳಿಯಲು ಒಂದು ಗಂಟೆ ಹಿಡಿಯಿತು. ಬಕೆಟ್ ಹೊತ್ತು ಅವನು ಅಡುಗೆಮನೆಗೆ ನುಗ್ಗಿದಾಗ ಹೆಂಡತಿ ಬುಬುಸಾರಾ ಬೀಗರ ಮನೆಗೆಂದು ಬೋರ್ಸೋಕ್ ಎಂಬ ಹಿಟ್ಟಿನ ಉಂಡೆಗಳನ್ನು ಕರಿಯುತ್ತಿದ್ದಳು.

"ಆ ಹೊಲಸನ್ನ ನನ್ನ ಒಲೆ ಮೇಲೆ ಇಟ್ರೆ ನೋಡಿ ಮತ್ತೆ!"

"ಇಡದೇ ಇದ್ರೆ ನಿನ್ನ ರಜಾಯಿಗಳನ್ನ ತಲೆ ಮೇಲೆ ಹೊತ್ಕೊಂಡು ಹೋಗು!"

ಬುಬುಸಾರಾ ಬಾಣಲೆಯನ್ನು ಕುಕ್ಕಿ ಆಚೆ ಸರಿಸಿದಳು. ಬಕೆಟ್ ಒಲೆಯೇರಿತು. ಮನೆಯೆಲ್ಲ ಗ್ಯಾರೇಜಿನ ವಾಸನೆ. "ಬೋರ್ಸೋಕೆಲ್ಲ ಲಾರಿ ನಾರುತ್ತೆ. ಬೀಗಿತ್ತಿ ಮೂಸಿ ನೋಡಿದ್ರೆ ಏನಂತೀರಿ? ಅದನ್ನಾದ್ರೂ ಈಗಲೇ ಹೇಳಿಬಿಡಿ," ಎಂದು ಅವಳು ಗೊಣಗುತ್ತಲೇ ಇದ್ದಳು. ಗಂಡ ಹಲ್ಲು ಕಡಿಯುತ್ತ ಎಣ್ಣೆ ಕಲಕುತ್ತಲೇ ಇದ್ದ.

ಬಿಸಿ ಎಣ್ಣೆ ಸುರಿದು ಜಪಾರ್ ಮತ್ತೆ ಕೀಲಿ ತಿರುಗಿಸಿದಾಗ ಬೀದಿಯೇ ಉಸಿರು ಬಿಗಿಹಿಡಿದಿತ್ತು. ಎಂಜಿನ್ನು ಹತ್ತಿಕೊಂಡಿತು. ಒಂದು, ಎರಡು... ನಾಲ್ಕಕ್ಕೆ ಮುಳ್ಳು ನಡುಗಿತು. ಆರಕ್ಕೆ ತಲೆಯೆತ್ತಿತು. ಒಂಬತ್ತಕ್ಕೆ ನೆಟ್ಟಗೆ ನಿಂತಿತು.

"ನಾನು ಹೇಳಲಿಲ್ವಾ, ಶಾಖ!" ಎಂದರು ಮೇಷ್ಟ್ರು, ಹೆಂಡತಿಯ ಕೋಟು ಹೊದ್ದು ನಡುಗುತ್ತ.

ಜಪಾರ್ ಗೇರು ಹಾಕಿದ. ಹೆಂಡತಿಯನ್ನು ಹತ್ತಿಸಿಕೊಂಡು ಹೊರಟವನು ದಾರಿಯುದ್ದಕ್ಕೂ ಸ್ಟಿಯರಿಂಗಿಗೆ ಗುದ್ದುತ್ತ ಬೀದಿಯ ಒಬ್ಬೊಬ್ಬರನ್ನೂ ಹೆಸರು ಹಿಡಿದು ಬೈದ. ಬೈಗುಳ ಮುಗಿದಾಗ, "ಕೇಳಿಲ್ಲಿ, ವಾಪಸ್ ಮನೆ ಸೇರೋವರೆಗೆ ಈ ಎಂಜಿನ್ ಆರಿಸಲ್ಲ. ಸತ್ರೂ ಆರಿಸಲ್ಲ," ಎಂದ.

ಅವರು ತಲುಪಿದಾಗ ಮಧ್ಯಾಹ್ನ ಎರಡು ಗಂಟೆ. ಬೀಗರಾದ ಮುಕಾಷ್, ಬಿಳಿಗಡ್ಡದ ಘನವಂತ, ಬಾಗಿಲಲ್ಲೇ ಕಾದು ನಿಂತಿದ್ದರು. ತಡವಾಯಿತೆಂದು ಒಂದು ಮಾತೂ ಆಡಲಿಲ್ಲ. ಪೆಟ್ಟಿಗೆಗಳು ಇಳಿದವು, ಕಂಬಳಿಗಳು ಬಿಚ್ಚಿಕೊಂಡವು. ಬಾಯಿ ಹರಿತವಿದ್ದ ಹೆಂಗಸರು ಕಂಬಳಿಯ ಹೊಲಿಗೆಯನ್ನು ತಿರುವಿ ತಿರುವಿ ನೋಡಿ ಸುಮ್ಮನಾದರು. ಬೋರ್ಸೋಕನ್ನು ಯಾರೂ ಮೂಸಲಿಲ್ಲ. ಕೆಂಜೆ ಅಪ್ಪನ ಬಟ್ಟಲಿಗೆ ಚಹಾ ಹಾಕುವಾಗ ಕಣ್ಣು ತುಂಬಿ ನಕ್ಕಳು. ಬೆಳಗಿನಿಂದ ಮೊದಲ ಬಾರಿಗೆ ಜಪಾರನ ಹುಬ್ಬಿನ ಗಂಟು ಸಡಿಲಿತು.

ಗೋಡೆಯಾಚೆ ಲಾರಿ ಗುರುಗುಟ್ಟುವುದು ಕೇಳುತ್ತಲೇ ಇತ್ತು. ಆ ಸದ್ದಿನಲ್ಲಿ ಮಾಂಸ ಇನ್ನಷ್ಟು ರುಚಿಸಿತು. ಹಿರಿಯರು ಒಬ್ಬರಾದ ಮೇಲೊಬ್ಬರು ಹರಸತೊಡಗಿದರು. ಹರಕೆ ಉದ್ದವಾಯಿತು. ಕೊನೆಯವರು ಮುಖದ ಮೇಲೆ ಕೈಯಾಡಿಸಿಕೊಂಡು ಮುಗಿಸಿದಾಗ ಕೋಣೆಯಲ್ಲಿ ಮೌನ.

ಬರೀ ಮೌನ. ಗೋಡೆಯಾಚೆಯೂ ಮೌನ.

ಜಪಾರನ ಕೈಯಲ್ಲಿದ್ದ ಎಲುಬು ತಟ್ಟೆಗೆ ಬಿತ್ತು. ಅಷ್ಟರಲ್ಲಿ ಬೀಗರು ಅಂಗೈ ಉಜ್ಜುತ್ತ ಹೊರಗಿನಿಂದ ಬಂದು, ಲಾರಿಯ ಕೀಲಿಯನ್ನು ಎರಡೂ ಕೈಯಿಂದ ಅವನ ಮುಂದಿಟ್ಟರು.

"ಪಾಪ, ಬಂದಾಗಿನಿಂದ ಸುಮ್ನೆ ಉರೀತಾ ಇತ್ತು ಬೀಗರೇ. ಅವಸರದಲ್ಲಿ ಮರೆತ್ರಿ ಅಂತ ಕಾಣುತ್ತೆ. ನಿಮಗೆ ಯಾಕೆ ತೊಂದರೆ ಅಂತ ನಾನೇ ಹೋಗಿ ಆರಿಸಿದೆ."

ಜಪಾರ್ ಬಾಯಿ ತೆರೆದ. ಬೆಳಗ್ಗೆ ಜೆಂಗಿಷನಿಗೆ ಅಂದದ್ದು, ಮೇಷ್ಟ್ರಿಗೆ ಅಂದದ್ದು, ಅಜ್ಜಿಗೆ ಅನ್ನಬೇಕೆಂದು ನುಂಗಿದ್ದು, ಎಲ್ಲ ನಾಲಿಗೆಯ ತುದಿಗೆ ಬಂದು ನಿಂತವು. ಹದಿನೈದು ಮಂದಿ ಹಿರಿಯರು ಅವನನ್ನೇ ನೋಡುತ್ತಿದ್ದರು. ಚಹಾ ಹಾಕಲು ಬಾಗಿದ್ದ ಕೆಂಜೆ ಕೆಟಲ್ ಹಿಡಿದು ಹಾಗೇ ನಿಂತಿದ್ದಳು.

"ದೊಡ್ಡ... ದೊಡ್ಡ ಉಪಕಾರ ಆಯ್ತು, ಬೀಗರೇ," ಎಂದ ಜಪಾರ್. ಮುಖ ಬೀಟ್‌ರೂಟಿನಂತಾಗಿತ್ತು.

"ಅದೆಂಥ ಉಪಕಾರ ಬಿಡಿ," ಎಂದು ಮುಕಾಷ್ ಅವನ ಬೆನ್ನು ತಟ್ಟಿದರು. "ಈ ಚಳಿಗೆ ಮತ್ತೆ ಚಾಲೂ ಆಗುತ್ತೋ ಇಲ್ಲವೋ ಅಂತ ಚಿಂತೆನೂ ಮಾಡಬೇಡಿ. ನಮ್ಮೂರಲ್ಲಿ ಲಾರಿ ವಿಷಯ ಗೊತ್ತಿಲ್ಲದವನು ಒಬ್ಬನೂ ಇಲ್ಲ. ಆಗಲೇ ಹೇಳಿ ಕಳಿಸಿದ್ದೀನಿ."

ಜಪಾರ್ ಮೆಲ್ಲನೆ ಕಿಟಕಿಯತ್ತ ತಿರುಗಿದ. ಲಾರಿಯ ಸುತ್ತ ಒಂಬತ್ತು ಜನ ನಿಂತಿದ್ದರು. ಒಬ್ಬ ಎಂಜಿನ್ನಿನ ಮುಚ್ಚಳ ಎತ್ತಿ ತಲೆ ಅಲ್ಲಾಡಿಸುತ್ತಿದ್ದ, ಇನ್ನೊಬ್ಬ ಓಡೋಡಿ ಬಂದು ಬೆಂಕಿಪೊಟ್ಟಣ ಕೊಡುತ್ತಿದ್ದ.