ಮಗಳ ಹಾಸ್ಟೆಲಿಗೆ ನಾನು ಬಟ್ಟೆ ಜೋಡಿಸಿದ್ದು

ದಿನಾ ಮಾಡುವ ಕೆಲಸದ ಬಗ್ಗೆ ನಮಗೆ ಎಷ್ಟೋ ಅನುಮಾನಗಳಿರುತ್ತವೆ. ಒಂದು ದಿನವೂ ಮಾಡದ ಕೆಲಸದ ಬಗ್ಗೆ ಮಾತ್ರ ಯಾವ ಅನುಮಾನವೂ ಇರುವುದಿಲ್ಲ. ನಮ್ಮ ಮನೆಯವರು ಟಿವಿ ಮುಂದೆ ಕೂತು ದೇಶದ ಪರವಾಗಿ ಆಡುವವರಿಗೆ ಬ್ಯಾಟ್ ಬೀಸುವುದು ಹೇಗೆಂದು ಹೇಳಿಕೊಡುತ್ತಾರೆ. ಅವರ ಕೈಯಲ್ಲಿ ನಾನು ನೋಡಿರುವುದು ಸೊಳ್ಳೆ ಬ್ಯಾಟು ಮಾತ್ರ. ಅವರನ್ನು ಆಡಿಕೊಳ್ಳುವ ಹಕ್ಕು ನನಗೂ ಇಲ್ಲವೆನ್ನಿ. ನಾನು ಹಾಸ್ಟೆಲ್ ವಿಷಯದಲ್ಲಿ ಹಾಗೆ. ಅಲ್ಲಿ ಬೆಳಗ್ಗೆ ಏನು ಹಾಕಿಕೊಳ್ಳಬೇಕು, ಸಂಜೆ ಏನು ಹಾಕಿಕೊಳ್ಳಬೇಕು, ಭಾನುವಾರ ಗೆಳತಿಯರ ಜೊತೆ ಹೊರಗೆ ಹೊರಟರೆ ಯಾವ ದುಪಟ್ಟಾ ಒಪ್ಪುತ್ತದೆ, ಎಲ್ಲವೂ ನನಗೆ ಗೊತ್ತು. ಹಾಸ್ಟೆಲಿನಲ್ಲಿ ಒಂದು ದಿನವೂ ಇದ್ದವಳಲ್ಲ, ಅಷ್ಟೇ.

ನನ್ನ ತವರು ಮಳವಳ್ಳಿ ಕಡೆಯ ಒಂದು ಹಳ್ಳಿ. ಡಿಗ್ರಿ ಓದಿದ್ದು ಮಂಡ್ಯದಲ್ಲಿ. ಕಾಲೇಜಿಗೆ ಸೇರುವಾಗ ಹಾಸ್ಟೆಲ್ ಬೇಕೆಂದು ಕೇಳಿದ್ದೆ. ಅಪ್ಪ ಕೋಪದ ಮನುಷ್ಯನಲ್ಲ, ಆದರೆ ಅವರಿಗೆ ಬಸ್ಸಿನ ಮೇಲೆ ಅಪಾರ ನಂಬಿಕೆ. "ಬಸ್ಸು ಮನೆ ಬಾಗ್ಲಲ್ಲೇ ನಿಂತ್ಕತದೆ, ಆಸ್ಟೆಲ್ ಯಾಕ್ ಮಗಾ?" ಎಂದರು. ಡ್ರೈವರ್ ಪಾಪ ನಿಲ್ಲಿಸುತ್ತಲೂ ಇದ್ದ. ಹಾಗಾಗಿ ನನ್ನ ಕಾಲೇಜು ಜೀವನವೆಲ್ಲ ಕಬ್ಬಿನ ಟ್ರ್ಯಾಕ್ಟರುಗಳ ಹಿಂದೆ ನಿಧಾನವಾಗಿ ಸಾಗುವ ಬಸ್ಸಿನಲ್ಲೇ ಕಳೆಯಿತು. ಗಾಳಿಗೆ ಕೆದರದಿರಲೆಂದು ಎಣ್ಣೆ ಹಚ್ಚಿ ಬಿಗಿಯಾಗಿ ಹೆಣೆದ ಜಡೆ, ಆ ಎಣ್ಣೆಗೆ ಅಂಟಿದ ದಾರಿಯ ಧೂಳು, ಮುದುರಿದ ಚೂಡಿದಾರ, ಇಷ್ಟರೊಂದಿಗೆ ನಾನು ಕ್ಲಾಸಿಗೆ ಕಾಲಿಡುವ ಹೊತ್ತಿಗೆ ಹಾಸ್ಟೆಲಿನ ಹುಡುಗಿಯರು ಆಗತಾನೇ ತಲೆಗೆ ಸ್ನಾನ ಮಾಡಿ, ಒದ್ದೆ ಕೂದಲನ್ನು ಬೆನ್ನ ಮೇಲೆ ಹರಡಿಕೊಂಡು ಬರುತ್ತಿದ್ದರು. ಬರುವಾಗಲೇ ಹಿಂದಿನ ದಿನದ ಯಾವುದೋ ಮಾತಿಗೆ ನಗುತ್ತಿದ್ದರು. ಏನೆಂದು ಕೇಳಿದರೆ, "ಹೇಳಿದ್ರೆ ಗೊತ್ತಾಗಲ್ಲ ಕಣೇ, ನೀನು ಅಲ್ಲಿರಬೇಕಿತ್ತು" ಎನ್ನುತ್ತಿದ್ದರು. ಅವರ ಅಂಕಗಳನ್ನು ಕಂಡು ನಾನು ಹೊಟ್ಟೆಕಿಚ್ಚು ಪಡಲಿಲ್ಲ. ನನಗೆ ಬೇಕಾಗಿದ್ದದ್ದು ಆ ಒದ್ದೆ ಕೂದಲು ಮತ್ತು ಆ ನಗು.

ಈಗ ನಾವಿರುವುದು ಮಂಡ್ಯದ ಗುತ್ತಲಿನಲ್ಲಿ. ನಾನು ಮದ್ದೂರಿನ ಒಂದು ಶಾಲೆಯ ಆಫೀಸಿನಲ್ಲಿ ಗುಮಾಸ್ತೆ. ಒಬ್ಬಳೇ ಮಗಳು ಸಿಂಚನ. ಕೆರಗೋಡಿನ ಅಜ್ಜಿಯ ಮನೆಗೆ ಹೋದಾಗಲೆಲ್ಲ ಕೊಟ್ಟಿಗೆಯಲ್ಲೇ ಬಿದ್ದಿರುತ್ತಿದ್ದ ಹುಡುಗಿ, ಕೊನೆಗೆ ದನದ ಡಾಕ್ಟರ್ ಓದಲು ಸೀಟು ಗಿಟ್ಟಿಸಿಕೊಂಡಳು. ಸೀಟು ಸಿಕ್ಕಿದ್ದು ಬೀದರಿನಲ್ಲಿ. ನಮ್ಮ ಬೀದಿಯಲ್ಲಿ ಬೀದರ್ ನೋಡಿದವರು ಒಬ್ಬರೂ ಇರಲಿಲ್ಲ, ಆದರೂ ಸಲಹೆಗೆ ಕೊರತೆಯಾಗಲಿಲ್ಲ. ಎದುರು ಮನೆಯವರು ಅಲ್ಲಿ ಬೆಂಕಿಯಂಥ ಬಿಸಿಲು, ಬರೀ ಕಾಟನ್ ಕಳಿಸಿ ಎಂದರು. ಪಕ್ಕದ ಮನೆಯವರು ಅಲ್ಲಿ ಮೈ ಕೊರೆಯುವ ಚಳಿ, ಸ್ವೆಟರ್ ಇಲ್ಲದಿದ್ದರೆ ಹುಡುಗಿ ಉಳಿಯುವುದಿಲ್ಲ ಎಂದರು. ನಾನು ಇಬ್ಬರ ಮನಸ್ಸನ್ನೂ ನೋಯಿಸಬಾರದೆಂದು ಎರಡಕ್ಕೂ ತಯಾರಿ ನಡೆಸಿದೆ. ಅದಕ್ಕಾಗಿ ತಂದ ಸೂಟ್‌ಕೇಸು ಎಷ್ಟು ದೊಡ್ಡದಿತ್ತೆಂದರೆ, ಅಂಗಡಿಯವನು ಫಾರಿನ್ನಿಗಾ ಎಂದು ಕೇಳಿದ.

ಸಿಂಚನಳಿಗೆ ಬೇಕಾಗಿದ್ದದ್ದು ಹಳೆಯ ಟೀ ಶರ್ಟುಗಳು, ಟ್ರ್ಯಾಕ್ ಪ್ಯಾಂಟು, ಒಂದೆರಡು ಜೀನ್ಸು. ಹಸು ಎಮ್ಮೆಗಳ ನಡುವೆ ಕೆಲಸ, ಅವಕ್ಕೆ ಇಷ್ಟು ಸಾಕು ಎನ್ನುವುದು ಅವಳ ವಾದ. ನಾನು ಬಿಡಲಿಲ್ಲ. ಅವಳನ್ನು ಅಂಗಡಿಯಿಂದ ಅಂಗಡಿಗೆ ಎಳೆದುಕೊಂಡು ಹೋಗಿ, ಸಂಜೆ ವರಾಂಡದಲ್ಲಿ ಓಡಾಡಲೆಂದು ಒಂದು ಜೊತೆ, ಗೆಳತಿಯ ಹುಟ್ಟುಹಬ್ಬಕ್ಕೆಂದು ಒಂದು, ಕಾಲೇಜ್ ಡೇಗೆ ಉಡಲು ಸೀರೆ, ಸೀರೆ ಮೇಲೆ ಚಳಿಯಾದರೆ ಹೊದೆಯಲು ಶಾಲು, ಹೀಗೆ ಕೊಳ್ಳುತ್ತಾ ಹೋದೆ. ಕೊನೆಗೆ ಒಂದು ಗಿಣಿಹಸಿರು ಕುರ್ತಾದ ಮುಂದೆ ನನ್ನ ಕಾಲು ನಿಂತೇಬಿಟ್ಟಿತು. ಕತ್ತಿನ ಸುತ್ತ ಸಣ್ಣ ಕನ್ನಡಿಗಳಿದ್ದವು. ಇದನ್ನು ನೋಡಿದರೆ ಎಮ್ಮೆ ಹಗ್ಗ ಕಿತ್ತುಕೊಂಡು ಓಡುತ್ತದೆ ಎಂದಳು ಸಿಂಚನ. ಎಮ್ಮೆಯ ಮುಂದೆ ಯಾರು ಹಾಕಿಕೋ ಅಂದರು, ಇದು ಭಾನುವಾರಕ್ಕೆ, ಕೂದಲು ಬಿಟ್ಟುಕೊಂಡಾಗ ಚೆನ್ನಾಗಿರುತ್ತದೆ ಎಂದೆ. ಅವಳು ಕುರ್ತಾವನ್ನೊಮ್ಮೆ ನೋಡಿ, ನನ್ನನ್ನೊಮ್ಮೆ ನೋಡಿದಳು.

"ಅಮ್ಮ, ಹಾಸ್ಟೆಲಿಗೆ ಹೋಗ್ತಿರೋದು ನಾನಾ, ನೀನಾ?"

ನಗುತ್ತಲೇ ಕೇಳಿದಳು. ನಾನೂ ನಕ್ಕು ಕುರ್ತಾ ಪ್ಯಾಕ್ ಮಾಡಿಸಿದೆ. ಮನೆಗೆ ಬಂದಮೇಲೆ ನಾನು ಇಟ್ಟದ್ದನ್ನು ಅವಳು ತೆಗೆಯುವುದು, ಅವಳು ತೆಗೆದದ್ದನ್ನು ನಾನು ತಳದಲ್ಲಿ ಬಚ್ಚಿಡುವುದು ನಡೆದೇ ಇತ್ತು. ನಮ್ಮ ಮನೆಯವರು ಸೂಟ್‌ಕೇಸನ್ನು ಒಮ್ಮೆ ಎತ್ತಿ ನೋಡಿ, ಒಂದು ಮೂಟೆ ಭತ್ತದ ತೂಕವಿದೆ ಎಂದು ತೀರ್ಪು ಕೊಟ್ಟು ಪೇಪರ್ ಓದಲು ಹೋದರು.

ಹೊರಡುವ ಹಿಂದಿನ ಭಾನುವಾರ ಸಿಂಚನ ಗೆಳತಿಯ ಮನೆಗೆ ಹೋಗಿದ್ದಳು. ಇವರು ಮಾರ್ಕೆಟ್ಟಿಗೆ ಹೋಗಿದ್ದರು. ನಾನು ತಲೆಗೆ ಸ್ನಾನ ಮಾಡಿ ಬಂದವಳು ಸೂಟ್‌ಕೇಸ್ ತೆರೆದು, ಇನ್ನೇನಾದರೂ ಜಾಗ ಉಳಿದಿದೆಯೇ ಎಂದು ನೋಡುತ್ತಿದ್ದೆ. ಗಿಣಿಹಸಿರು ಕುರ್ತಾ ಮೇಲೇ ಇತ್ತು. ಅಳತೆ ಸರಿಯಿದೆಯೋ ಇಲ್ಲವೋ ನೋಡೋಣವೆಂದು ಹಾಕಿಕೊಂಡೆ. ಯಾರ ಅಳತೆ ಎಂದು ನೀವು ಕೇಳಬಾರದು. ಒದ್ದೆ ಕೂದಲನ್ನು ಬೆನ್ನ ಮೇಲೆ ಹರಡಿಕೊಂಡು, ಬೀರುವಿನ ಕನ್ನಡಿಯ ಮುಂದೆ ನಿಂತು, ಯಾರೋ ಏನೋ ಹೇಳಿದರೆಂಬಂತೆ ಕತ್ತು ಹೊರಳಿಸಿ ಒಮ್ಮೆ ನಕ್ಕೂ ನೋಡಿದೆ.

"ಏನ್ ಮಗಾ, ನಿಮ್ಮವ್ವ ಎಲ್ಲೋದ್ಲು?"

ಕೆರಗೋಡಿನಿಂದ ನಮ್ಮ ಅತ್ತೆ ಬಂದಿದ್ದರು. ಮೊಮ್ಮಗಳಿಗೆಂದು ತುಪ್ಪದ ಡಬ್ಬಿ ಹಿಡಿದು, ತೆರೆದಿದ್ದ ಹಿತ್ತಲ ಬಾಗಿಲಿನಿಂದಲೇ ಒಳಗೆ ಬಂದು ನನ್ನ ಬೆನ್ನ ಹಿಂದೆ ನಿಂತಿದ್ದರು. ಬೇರೆ ದಾರಿಯಿರಲಿಲ್ಲ. ತಿರುಗಿ, "ನಾನೇ ಅತ್ತೆ" ಎಂದೆ.

ನಮ್ಮ ಅತ್ತೆಯ ಬಾಯಿ ಎಂಥದ್ದೆಂದು ಕೆರಗೋಡಿನ ಬಸ್ ಕಂಡಕ್ಟರುಗಳಿಗೂ ಗೊತ್ತು. ಇನ್ನು ಮುಂದೆ ನೆಂಟರಿಷ್ಟರ ಮದುವೆಗಳಲ್ಲೆಲ್ಲ ಈ ಹಸಿರು ಕುರ್ತಾದ ಕತೆ ನಡೆಯುತ್ತದೆಂದು ನಾನು ಮನಸ್ಸು ಗಟ್ಟಿ ಮಾಡಿಕೊಂಡೆ. ಅವರು ಡಬ್ಬಿ ಕೆಳಗಿಟ್ಟರು. ಹತ್ತಿರ ಬಂದು ಕುರ್ತಾದ ತೋಳನ್ನು ಬೆರಳಲ್ಲಿ ಸವರಿ ನೋಡಿದರು. "ಸಂದಾಗದೆ ಬುಡು" ಎಂದರು. ಆಮೇಲೆ ಮಂಚದ ಮೇಲೆ ಕೂತು, ಸೆರಗಿನಿಂದ ಮುಖ ಒರೆಸಿಕೊಂಡು, ಕನ್ನಡಿಯ ಕಡೆ ನೋಡುತ್ತಾ ಹೇಳಿದರು:

"ನಂಗೆ ಎರಡ್ ಜಡೆ ಆಕ್ಕಂಡು ಕೆಂಪು ಟೇಪು ಕಟ್ಕಬೇಕು ಅಂತ ಬಾಳ ಆಸೆ ಇತ್ತು ಕಣವ್ವ. ಇಸ್ಕೂಲ್ಗೆ ಓಗೋ ಉಡ್ಗೀರು ಕಟ್ಕತಿದ್ರಲ್ಲ, ಅಂಗೆ. ನಾನು ಇಸ್ಕೂಲ್ಗೇ ಓಗ್ನಿಲ್ಲ, ಟೇಪ್ ಯಾರ್ ತಂದ್ಕೊಟ್ಟಾರು?"

ನಾನು ಹೋಗಿ ಅವರ ಪಕ್ಕ ಕೂತೆ. ಆಮೇಲೆ ಅವರೇ ಎದ್ದು, "ಬಿಚ್ಚಿ ಮಡುಗು, ಮಗಾ ಬಂದ್ಬುಟ್ಟಾಳು" ಎಂದು ಕಾವಲುಗಾರರಂತೆ ಬೀದಿ ಬಾಗಿಲಿಗೆ ಹೋಗಿ ನಿಂತರು. ಈ ವಿಷಯವನ್ನು ಅವರು ಇಂದಿನವರೆಗೂ ಯಾರ ಮುಂದೆಯೂ ಎತ್ತಿಲ್ಲ.

ಬೀದರಿಗೆ ನಾನೂ ನಮ್ಮ ಮನೆಯವರೂ ಹೋಗಿ ಸಿಂಚನಳನ್ನು ಬಿಟ್ಟುಬಂದೆವು. ಹಾಸ್ಟೆಲಿಗೆ ವರಾಂಡವೇ ಇರಲಿಲ್ಲ. ಉದ್ದನೆಯ ಓಣಿಯಂಥ ಜಾಗ, ಅದರ ತುಂಬ ಬಟ್ಟೆ ಒಣಗಿಸುವ ಹಗ್ಗಗಳು. ಕೋಣೆಯಲ್ಲಿ ಆಗಲೇ ಮೂವರು ಹುಡುಗಿಯರಿದ್ದರು. ನಾನು ಸಿಂಚನಳ ಬಟ್ಟೆಗಳನ್ನು ಒಂದೊಂದಾಗಿ ತೆಗೆದು ಕಬ್ಬಿಣದ ಬೀರುವಿನಲ್ಲಿ ಜೋಡಿಸಿದೆ. ಜೋಡಿಸಿದ್ದನ್ನು ತೆಗೆದು ಮತ್ತೆ ಜೋಡಿಸಿದೆ. ಆ ಹುಡುಗಿಯರನ್ನು ಊರು ಯಾವುದು, ಊಟ ಹೇಗಿದೆ, ಬಿಸಿನೀರು ಬರುತ್ತದೆಯೇ ಎಂದು ಕೇಳಿದೆ. ಮಂಚದ ಮೇಲೆ ಕೂತು ನೋಡಿದೆ. ರಾಯಚೂರಿನ ಪಲ್ಲವಿ ಎಂಬ ಹುಡುಗಿ, "ಚಿಂತಿ ಮಾಡಬ್ಯಾಡ್ರಿ ಆಂಟಿ, ನಾವದೀವಿ" ಎಂದಳು. ಎಷ್ಟು ಒಳ್ಳೆಯ ಹುಡುಗಿ ಎಂದುಕೊಂಡೆ. ಆಮೇಲೆ ಹೊಳೆಯಿತು, ಆ ಹುಡುಗಿಯರು ತುಂಬ ಮರ್ಯಾದೆಯಿಂದ ನಾನು ಹೊರಡುವುದನ್ನೇ ಕಾಯುತ್ತಿದ್ದರು.

ಸಿಂಚನ ಮೆಟ್ಟಿಲವರೆಗೆ ಬಂದು, ನನ್ನನ್ನು ಗಟ್ಟಿಯಾಗಿ ತಬ್ಬಿಕೊಂಡು ಒಳಗೆ ಹೋದಳು. ನಾವು ನಾಲ್ಕು ಮೆಟ್ಟಿಲು ಇಳಿದಿರಬೇಕು, ಆ ಕೋಣೆಯಿಂದ ಒಟ್ಟಿಗೆ ಜೋರಾಗಿ ನಗು ಕೇಳಿಸಿತು. ಅದರಲ್ಲಿ ನನ್ನ ಮಗಳ ದನಿಯೂ ಇತ್ತು. ನಾನು ನಿಂತುಬಿಟ್ಟೆ.

"ಏನಂತೆ?" ಎಂದೆ ಇವರನ್ನು.

"ನಿನ್ನೇ ಆಡ್ಕಂಡು ನಗ್ತಿರ್ತವೆ, ನಡಿ" ಎಂದರು.

ಇದ್ದರೂ ಇರಬಹುದು. ಆದರೂ ಹಿಂದಿರುಗಿ ಹೋಗಿ ಆ ಮಾತು ಏನೆಂದು ಕೇಳಿಕೊಂಡು ಬರಬೇಕೆನಿಸಿತು. ರೈಲಿನಲ್ಲಿ ನನ್ನ ಕಣ್ಣು ಒದ್ದೆಯಾದದ್ದನ್ನು ಕಂಡು ಇವರು ಮಗಳ ನೆನಪೆಂದುಕೊಂಡು ಕಡಲೆಕಾಯಿ ಕೊಡಿಸಿದರು. ಮಗಳ ನೆನಪೂ ಇತ್ತು. ಪೂರ್ತಿ ಅದೊಂದೇ ಅಲ್ಲ ಎಂದು ಹೇಳಲು ಹೋಗದೆ ಕಡಲೆಕಾಯಿ ತಿಂದೆ.

ಮನೆಯಲ್ಲಿ ಬಟ್ಟೆ ಒಗೆಯುವ ದಿನ ಹಗ್ಗದ ಅರ್ಧವೂ ತುಂಬುತ್ತಿರಲಿಲ್ಲ. ಸಿಂಚನ ವಿಡಿಯೋ ಕಾಲ್ ಮಾಡಿದಾಗಲೆಲ್ಲ ನಾನು ಊಟಕ್ಕಿಂತ ಮೊದಲು ಕೇಳುತ್ತಿದ್ದದ್ದು ಏನು ಹಾಕಿಕೊಂಡಿದ್ದೀಯ ಎಂದು. ಹಗಲೆಲ್ಲ ಖಾಕಿ ಕೋಟು, ರಬ್ಬರ್ ಬೂಟು. ಸಂಜೆ ಹಾಕಿಕೊಂಡಿರುತ್ತಿದ್ದ ಬಟ್ಟೆಗಳಲ್ಲಿ ಒಂದನ್ನೂ ನಾನು ಕಂಡಿರಲಿಲ್ಲ. ಒಂದು ದಿನ ಅವಳು ಕಳಿಸಿದ ಫೋಟೋದಲ್ಲಿ ಗಿಣಿಹಸಿರು ಕುರ್ತಾ ಕಾಣಿಸಿತು, ಅದರೊಳಗೆ ಪಲ್ಲವಿ ಇದ್ದಳು. ಅಕ್ಕನ ನಿಶ್ಚಿತಾರ್ಥಕ್ಕೆ ರಾಯಚೂರಿಗೆ ಹಾಕಿಕೊಂಡು ಹೋಗಿದ್ದಾಳೆ, ಅಲ್ಲಿ ಎಲ್ಲರೂ ಚೆನ್ನಾಗಿದೆ ಅಂದರಂತೆ ಎಂದಳು ಸಿಂಚನ. ಸೀರೆ ಇನ್ಯಾರದೋ ಬಳಿ ಇತ್ತು. ಶಾಲು ಎಲ್ಲಿದೆ ಎಂದು ಅವಳಿಗೂ ಗೊತ್ತಿರಲಿಲ್ಲ. ಎರಡು ದಿನ ನಾನು ಮುಖ ಊದಿಸಿಕೊಂಡಿದ್ದೆ. ಮೂರನೆಯ ದಿನ ಆಫೀಸಿನಲ್ಲಿ ಕುಳಿತಾಗ, ರಾಯಚೂರಿನವರಿಗೂ ನನ್ನ ಆಯ್ಕೆ ಮೆಚ್ಚುಗೆಯಾಯಿತಲ್ಲ ಎಂದು ಒಳಗೊಳಗೇ ಖುಷಿಯಾಗತೊಡಗಿತು.

ಸೆಮಿಸ್ಟರ್ ಮುಗಿಸಿ ಸಿಂಚನ ಮನೆಗೆ ಬಂದಾಗ ಸೂಟ್‌ಕೇಸಿನಿಂದ ಹೊರಬಿದ್ದವುಗಳಲ್ಲಿ ನಮ್ಮವು ಕಡಿಮೆ, ಕಲಬುರಗಿ, ರಾಯಚೂರು, ಯಾದಗಿರಿಯವು ಹೆಚ್ಚು. ಎಲ್ಲವನ್ನೂ ಒಗೆದು ಹರವಿದೆ. ನಮ್ಮ ಹಗ್ಗ ಬಹಳ ದಿನಗಳ ಮೇಲೆ ತುಂಬಿತು. ರಜೆ ಮುಗಿಸಿ ಅವಳು ಹೊರಟುಹೋದಮೇಲೆ ನೋಡಿದರೆ, ಇಸ್ತ್ರಿಗೆ ಕೊಟ್ಟಿದ್ದ ಒಂದು ಮೆರೂನ್ ಕುರ್ತಾ ನಮ್ಮಲ್ಲೇ ಉಳಿದಿತ್ತು. ಪಲ್ಲವಿಯದು. ನನಗೆ ತೋಳು ತುಸು ಬಿಗಿ. ಆದರೂ ಮಾರನೆಯ ದಿನ ಅದನ್ನೇ ಹಾಕಿಕೊಂಡು ಮದ್ದೂರಿಗೆ ಹೋದೆ. ನಮ್ಮ ಆಫೀಸಿನ ಶಾರದಾ ಮೇಡಂ, ಎಲ್ಲಿ ತೆಗೆದುಕೊಂಡಿರಿ, ಬಹಳ ಚೆನ್ನಾಗಿದೆ ಎಂದು ಕೇಳಿದರು.

"ನಮ್ಮ ಹಾಸ್ಟೆಲ್ ಹುಡುಗೀದು" ಎಂದುಬಿಟ್ಟೆ.

ಅವರು ಕನ್ನಡಕದ ಮೇಲಿಂದ ನನ್ನನ್ನೇ ನೋಡಿದರು. ನಾನು ಹಾಜರಿ ಪುಸ್ತಕ ತೆರೆದು ಬಹಳ ಕೆಲಸವಿರುವವಳಂತೆ ತಲೆ ತಗ್ಗಿಸಿದೆ.

ಸಂಜೆ ಮಂಡ್ಯದ ರೈಲಿನಲ್ಲಿ ಕಿಟಕಿಯ ಪಕ್ಕ ಕೂತಿದ್ದಾಗ ಸಿಂಚನ ಫೋನ್ ಮಾಡಿದಳು. ಪಲ್ಲವಿ ತನ್ನ ಮೆರೂನ್ ಕುರ್ತಾ ಸಿಗದೆ ಕೋಣೆಯನ್ನೆಲ್ಲ ತಲೆಕೆಳಗು ಮಾಡಿದ್ದಾಳಂತೆ, ಮನೆಯಲ್ಲೇನಾದರೂ ಉಳಿದಿದೆಯೇ ಎಂದು ಕೇಳಿದಳು. ನಾನು ತೋಳಿನ ಮೇಲೆ ಬಿದ್ದಿದ್ದ ಕಡಲೆಕಾಯಿ ಸಿಪ್ಪೆಯನ್ನು ಮೆಲ್ಲಗೆ ಕೊಡವಿ, "ಇಲ್ವಲ್ಲ ಮಗಳೇ, ನಾನು ನೋಡೇ ಇಲ್ಲ" ಎಂದೆ.