ಹದಿನೇಳು ಇಂಚಿನ ಚಕ್ರ ಕೊಟ್ಟವರಿಗೆ, ಹುರುಳಿ ಹೊತ್ತ ಕಾರಿನವರಿಂದ

ಶ್ರೀ ರಾಮಾಂಜಿನೇಯ ಅವರ ಸನ್ನಿಧಿಗೆ,
ಮಾಲೀಕರು, ಅಶ್ವಮೇಧ ಟೈರ್ಸ್ ಅಂಡ್ ಅಲಾಯ್ಸ್, ಮಡಕಶಿರ.

ಮಾನ್ಯರೇ,

ಗುಡಿಬಂಡೆ ಪಕ್ಕದ ಹಳ್ಳಿಯಿಂದ ಅರ್ಚನಾ ಮಾಡುವ ನಮಸ್ಕಾರಗಳು. ತಾವೂ, ತಮ್ಮ ಮನೆಯವರೂ, ತಮ್ಮ ಅಂಗಡಿಯ ಗೋಡೆಗೆ ನೇತುಬಿದ್ದು ಮಿರಮಿರ ಮಿಂಚುವ ಸಮಸ್ತ ಚಕ್ರಗಳೂ ಸೌಖ್ಯವಾಗಿರುವಿರೆಂದು ನಂಬಿದ್ದೇನೆ. ಈ ಪತ್ರವನ್ನು ಮೊದಲು ತಮ್ಮ ವಾಟ್ಸಾಪಿಗೇ ಕಳಿಸಿದ್ದೆ. ಎರಡು ನೀಲಿ ಗೆರೆ ಬಿದ್ದವೇ ಹೊರತು ಉತ್ತರ ಬರಲಿಲ್ಲ. ಒಬ್ಬರೇ ಕೂತು ಓದುವುದು ತಮಗೆ ಬೇಸರವೆನಿಸಿರಬಹುದೆಂದು, ನಾಲ್ಕು ಜನರ ಜೊತೆ ನಿಂತು ಓದಲಿ ಎಂದು, ಇದನ್ನು ಗುಡಿಬಂಡೆಯ ಬಸ್ ನಿಲ್ದಾಣದ ಗೋಡೆಗೆ ಅಂಟಿಸುತ್ತಿದ್ದೇನೆ.

ನಮ್ಮ ಬಿಳಿ ಕಾರು ತಮಗೆ ನೆನಪಿರಬೇಕು. ನಾನೂ ನನ್ನ ತಮ್ಮ ನರೇಶನೂ ಸೇರಿ ಅದನ್ನು ಕೊಂಡದ್ದು ಒಂದೇ ಕಾರಣಕ್ಕೆ. ನಮ್ಮ ಅಮ್ಮ ಚಿತ್ತಮ್ಮನ ಎರಡೂ ಕಿಡ್ನಿ ಕೆಲಸ ನಿಲ್ಲಿಸಿವೆ. ಮಂಗಳವಾರ, ಶುಕ್ರವಾರ ಹಿಂದೂಪುರದ ಆಸ್ಪತ್ರೆಯಲ್ಲಿ ನಾಲ್ಕು ಗಂಟೆ ಡಯಾಲಿಸಿಸ್ ಆಗಬೇಕು. ಅಲ್ಲಿಗೆ ಕಾರು ಓಡಿಸುವವಳು ನಾನು. ನಾನು ಆಫೀಸಿನ ತರಬೇತಿಗೆಂದು ಅನಂತಪುರಕ್ಕೆ ಹೋದ ಮೂರು ದಿನಗಳಲ್ಲಿ ನರೇಶ್ ಕಾರಿನ ಸ್ಪ್ರಿಂಗು ಕತ್ತರಿಸಿ ಎರಡು ಇಂಚು ತಗ್ಗಿಸಿ, ಚಕ್ರ ಆರಿಸಲು ತಮ್ಮಲ್ಲಿಗೆ ಬಂದ. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಎನ್ನುವುದು ನಮ್ಮ ಮನೆಗೆ ಹೊಸದೇನಲ್ಲ. ಆದರೆ ಆ ಹೂವಿನ ಅಳತೆಯನ್ನು ಇಷ್ಟು ಶಾಸ್ತ್ರೋಕ್ತವಾಗಿ ತೆಗೆದುಕೊಟ್ಟವರು ತಾವೇ ಮೊದಲು.

"ಗಾಡಿ ತಗ್ಗಿಸಿದ್ಮ್ಯಾಲೆ ಚಕ್ರ ತುಂಬ್ಕಂಡಿರ್ಬೇಕಪ್ಪ, ಇಲ್ದಿದ್ರೆ ಅಪ್ಪನ ಚಪ್ಲಿ ಮಗ ಮೆಟ್ಕಂಡಂಗಿರ್ತದೆ" ಎಂದು ತಾವು ಹೇಳಿದಿರಂತೆ. ಎಂಥ ಮಾತು! ತಮ್ಮ ಮೊಬೈಲಿನ ಲೆಕ್ಕದ ಯಂತ್ರದಲ್ಲಿ ಅಂಕಿ ಒತ್ತಿ, ಹದಿನಾಲ್ಕು ಇಂಚಿನ ರಿಮ್ಮು ತೆಗೆಸಿ ಹದಿನೇಳರದು ಹಾಕಿಸಿದಿರಿ. ಏಳು ಬೆರಳಿನಷ್ಟಿದ್ದ ರಬ್ಬರನ್ನು ನಾಲ್ಕು ಬೆರಳಿಗೆ ಇಳಿಸಿದಿರಿ. ರಿಮ್ಮು ದೊಡ್ಡದಾಯಿತು, ರಬ್ಬರು ತೆಳ್ಳಗಾಯಿತು, ಎರಡೂ ಸೇರಿ ಚಕ್ರವೇ ಮೊದಲಿಗಿಂತ ಚಿಕ್ಕದಾಗಿ, ಕಾರು ಇನ್ನೊಂದು ಬೆರಳು ನೆಲಕ್ಕಿಳಿಯಿತು. ಈಗ ಮುಳ್ಳು ಅರವತ್ತು ತೋರಿಸುವಾಗ ಕಾರು ಐವತ್ತೆಂಟರಲ್ಲಿರುತ್ತದೆ; ಹಿಂದೂಪುರ ಬರುವ ಮೊದಲೇ ಹಿಂದೂಪುರ ಬಂದಿದೆಯೆಂದು ಮೀಟರು ಹೇಳುತ್ತದೆ. ಅಮ್ಮನನ್ನು ಮೀಟರಿನಲ್ಲೇ ಇಳಿಸಿಬಿಡುವ ಉಪಾಯವೊಂದನ್ನೂ ಹೇಳಿಕೊಟ್ಟಿದ್ದರೆ ನಾನು ಇಷ್ಟುದ್ದ ಬರೆಯಬೇಕಿರಲಿಲ್ಲ.

ಸುಳ್ಳು ಹೇಳಬಾರದು, ಊರಿಗೆ ಬಂದು ಮೊದಲು ನೋಡಿದಾಗ ನನಗೂ ಚೆಂದವೇ ಕಂಡಿತು. ಪಕ್ಕ ನಿಂತು ಫೋಟೋ ತೆಗೆಸಿಕೊಂಡೆ. ಅದಕ್ಕೆ ನನ್ನ ಮೇಲೆ ನನಗೇ ಸಿಟ್ಟಿದೆ, ಅದನ್ನು ಬೇರೆ ಪತ್ರದಲ್ಲಿ ಬರೆದುಕೊಳ್ಳುತ್ತೇನೆ.

ತಮ್ಮ ಅಳತೆಯ ವಿಚಾರಕ್ಕೆ ಬರುತ್ತೇನೆ. ಚಕ್ರಕ್ಕೂ ಅದರ ಮೇಲಿನ ತಗಡಿಗೂ ನಡುವೆ ತಾವು ಮುಷ್ಟಿಯಿಟ್ಟು ನೋಡಿ, ಸರಿಯಾಗಿದೆ ಎಂದಿರಿ. ತಗಡಿನ ಅಂಚನ್ನು ಒನಕೆ ಕೊಟ್ಟು ಒಳಕ್ಕೆ ಮಡಚಿಸಿದಿರಿ. ಅಷ್ಟು ಮಾಡಿದವರು ಒಬ್ಬರನ್ನಾದರೂ ಒಳಗೆ ಕೂರಿಸಿ ನೋಡಬಹುದಿತ್ತು. ನರೇಶ್ ಹಿಂದಿನ ಸೀಟಿಗೆ ಹತ್ತಲು ಹೋದರೆ, "ಬ್ಯಾಡ ಬ್ಯಾಡ, ಹೊಸ ಚಕ್ರ ಬಿದ್ದೈತೆ ಅಂದ್ರೆ ಹೊಸ ಗಾಡಿ ಇದ್ದಂಗೆ, ನಿಂಬೆಹಣ್ಣು ತುಳಿಸೋಗಂಟ ಯಾರೂ ಕುತ್ಕಬಾರ್ದು" ಎಂದು ತಡೆದಿರಂತೆ. ಪೂಜೆಯಾಗುವವರೆಗೆ ಓಡಿಸುವವನೊಬ್ಬನ ಹೊರತು ಯಾರೂ ಹತ್ತಬಾರದೆಂಬ ಪದ್ಧತಿ ನಮ್ಮ ಕಡೆ ಎಲ್ಲರಿಗೂ ಗೊತ್ತು. ಹೀಗೆ ಮನುಷ್ಯರೇ ಇಲ್ಲದ ಕಾರಿನ ಅಳತೆ ತೆಗೆದು ಮನುಷ್ಯರಿಗೆ ಕೊಟ್ಟವರು ತಾವು. ನರೇಶ್ ಆಂಜನೇಯನ ಗುಡಿಯ ಮುಂದೆ ನಾಲ್ಕು ನಿಂಬೆಹಣ್ಣು ತುಳಿಸಿ, ಕುಂಬಳಕಾಯಿ ಒಡೆಸಿ, ಒಬ್ಬನೇ ಮನೆಗೆ ತಂದ. ಓಡಿಸುವವರನ್ನು ಬಿಟ್ಟರೆ ಅದರಲ್ಲಿ ಮೊದಲು ಕೂತ ಜೀವ ಅಮ್ಮ.

ಶುಕ್ರವಾರ ಬೆಳಿಗ್ಗೆ ಅಮ್ಮ ಬಾಗಿಲ ಮುಂದೆ ನಿಂತು, "ಇದೇನವ್ವ, ಕಾರು ಕುತ್ಕಂಡ್ಬಿಟ್ಟೈತೆ" ಎಂದರು. ಮಂಡಿ ಬಗ್ಗದ ಅವರನ್ನು ಕೊಡ ಇಳಿಸುವ ಹಾಗೆ ಇಳಿಸಿ ಹಿಂದಿನ ಸೀಟಿಗೆ ಕೂರಿಸಿದೆ. ನರೇಶನೂ ಪಕ್ಕದಲ್ಲಿ ಕೂತ. ತಮ್ಮ ಮುಷ್ಟಿ ಅಲ್ಲಿಗೆ ಮಾಯವಾಯಿತು. ಪ್ರತಿ ಗುಂಡಿಗೂ ಟೈರು ತಗಡನ್ನು ಕೆರೆಯುತ್ತಿತ್ತು, ರಸ್ತೆಗೆ ಅಡ್ಡ ಉಬ್ಬಿಸಿದ ಪ್ರತಿ ಹಂಪಿಗೂ ನರೇಶ್ ಇಳಿದು ಅಮ್ಮನನ್ನೂ ಇಳಿಸಿ, ದಾಟಿದ ಮೇಲೆ ಮತ್ತೆ ಕೂರಿಸಬೇಕಾಯಿತು. ಮಡಕಶಿರ ಮುಟ್ಟುವುದರೊಳಗೆ ಏಳು ಹಂಪು. ಆರನೆಯದರಲ್ಲಿ ಅಮ್ಮ, "ನಾನು ನಡ್ಕಂಡೇ ಓಯ್ತೀನಿ ಬಿಡವ್ವ" ಎಂದರು.

ಏಳನೆಯದು ದಾಟಿ ಸ್ವಲ್ಪ ದೂರದಲ್ಲಿ, ಪಕ್ಕದ ಹೊಲದ ಪಾಲಮ್ಮನವರು ರಸ್ತೆಯ ಮೇಲೆ ಹುರುಳಿ ಹರಡಿದ್ದರು. ತಾವು ಅಂಗಡಿಯ ಒಳಗೇ ಇರುವವರು, ಆದ್ದರಿಂದ ತಿಳಿಸುತ್ತೇನೆ: ಈ ತಿಂಗಳಲ್ಲಿ ನಮ್ಮ ದಾರಿಗಳೆಲ್ಲ ಕಣವೇ. ಓಡಾಡುವ ಗಾಡಿಗಳ ಚಕ್ರಕ್ಕೆ ಸಿಕ್ಕಿ ಕಾಯಿ ಒಡೆದು ಕಾಳು ಉದುರುತ್ತದೆ. ಬಸ್ಸು, ಲಾರಿ, ಆಟೋ ಯಾರೂ ಬೇಡವೆನ್ನುವುದಿಲ್ಲ. ನಾನೂ ಎಂದಿನಂತೆ ನಿಧಾನವಾಗಿ ಹತ್ತಿಸಿದೆ. ಬೇರೆ ಗಾಡಿಗಳು ಹುರುಳಿ ಬಡಿದು ಹೋಗುತ್ತವೆ, ನಮ್ಮದು ಕಸಬರಿಗೆಯಂತೆ ಗುಡಿಸಿಕೊಂಡು ಹೊರಟಿತು. ಕಡ್ಡಿ, ಕಾಯಿ, ಬಳ್ಳಿ ಎಲ್ಲ ಹೊಟ್ಟೆಯ ಕೆಳಗೆ ಸುತ್ತಿಕೊಂಡು, ಇಪ್ಪತ್ತು ಮಾರಿನಲ್ಲಿ ಹೊಗೆ ಎದ್ದು, ಕಾರು ನಿಂತಿತು. ಪಾಲಮ್ಮನವರು ಓಡಿಬಂದು, "ಬಡಿಯಕ್ಕೆ ಬಂದ್ಯೋ, ಹೊತ್ಕಂಡೋಗಕ್ಕೆ ಬಂದ್ಯೋ?" ಎಂದು ಬೈಯುತ್ತಲೇ, ಹೊಗೆ ಕಂಡು, ತಮ್ಮ ಕುಡಿಯುವ ನೀರಿನ ಬಿಂದಿಗೆಯನ್ನು ಕೆಳಗೆ ಸುರಿದರು. ಆಮೇಲೆ ಅಮ್ಮನನ್ನು ನೋಡಿ ಬೈಯುವುದನ್ನು ಬಿಟ್ಟರು. ಬೈಗುಳ ನಿಂತಾಗಲೇ ನನಗೆ ಭಯವಾದದ್ದು.

ಸಂತೆಗೆ ಕುರಿ ಸಾಗಿಸುತ್ತಿದ್ದ ಓಬಯ್ಯನವರು ತಮ್ಮ ಟೆಂಪೋ ನಿಲ್ಲಿಸಿ, "ನನ್ನ ಕುರಿಗಿಂತ ನಿಮ್ಮಮ್ಮ ಅಗುರವ್ಳೆ, ಎತ್ತಿ ಕೂರ್ಸು" ಎಂದು ಮುಂದಿನ ಸೀಟು ಕೊಟ್ಟರು. ಅಮ್ಮನೂ ನಾನೂ ಕುರಿಗಳ ಜೊತೆ ಹಿಂದೂಪುರ ತಲುಪಿದಾಗ ಹೊತ್ತು ಮೀರಿತ್ತು. ಹಾಸಿಗೆ ಒಂದು, ಕಾಯುವವರು ಹಲವರು. ಮುಂದಿನವರ ಸರದಿಗೆ ಬಿಟ್ಟುಕೊಡಬೇಕಾಗಿ ಅಮ್ಮನಿಗೆ ಎರಡೂವರೆ ಗಂಟೆ ಮಾತ್ರ ಸಿಕ್ಕಿತು. ಯಾರನ್ನೂ ದೂರುವಂತಿಲ್ಲ. ಶನಿವಾರಕ್ಕೆ ಕಾಲು ಊದಿ ಚಪ್ಪಲಿ ಹಿಡಿಯಲಿಲ್ಲ.

ಆದ್ದರಿಂದ ಮಾನ್ಯರಲ್ಲಿ ಕೆಲವು ವಿನಂತಿ. ಕಾರನ್ನು ಎತ್ತರಿಸುವಂತೆ ಕೇಳಿ ತಮ್ಮ ಕಲೆಗೆ ಅವಮಾನ ಮಾಡಲಾರೆ. ದಯವಿಟ್ಟು ಹಿಂದೂಪುರದವರೆಗಿನ ಎಲ್ಲ ಹಂಪುಗಳನ್ನೂ ತಮ್ಮ ಒನಕೆಯಿಂದ ಒಳಕ್ಕೆ ಮಡಚಿಸಿಕೊಡಿ. ಹುರುಳಿ ಇನ್ನು ಮುಂದೆ ಎರಡು ಬೆರಳಿಗಿಂತ ಎತ್ತರ ಬೆಳೆಯದಂತೆ ಪಾಲಮ್ಮನವರಿಗೆ ಬೀಜ ಒದಗಿಸಿ. ಅಮ್ಮನ ಮಂಡಿಯಲ್ಲೂ ಸ್ಪ್ರಿಂಗಿನಂತೆ ಎರಡು ಸುತ್ತು ಕತ್ತರಿಸಿ, ಕಾರಿಗೆ ಸರಿಹೊಂದುವಂತೆ ತಗ್ಗಿಸಿ. ಇವು ಯಾವುವೂ ಆಗದಿದ್ದರೆ, ತಮ್ಮ ಅಂಗಡಿಯ ಹಿಂದೆ ಬಿದ್ದಿರುವ ನಮ್ಮ ಹಳೆಯ ನಾಲ್ಕು ಚಕ್ರಗಳನ್ನು, ಅಷ್ಟೇನೂ ಚೆಂದವಿಲ್ಲದವನ್ನು, ಮಂಗಳವಾರದೊಳಗೆ ಮರಳಿಸಿ. ಸ್ಪ್ರಿಂಗನ್ನು ನರೇಶನೇ ಹಾಕಿಸುತ್ತಾನೆ. ಶುಕ್ರವಾರದಿಂದ ಅವನು ಅಮ್ಮನ ಮುಖ ನೋಡಿ ಮಾತಾಡಿಲ್ಲ.

ತಮ್ಮ ಆಯುರಾರೋಗ್ಯ, ವಿಶೇಷವಾಗಿ ತಮ್ಮ ಕಿಡ್ನಿಗಳ ಆರೋಗ್ಯ, ಸದಾ ಹೆಚ್ಚಲೆಂದು ಹಾರೈಸುವ,

ತಮ್ಮ ವಿಶ್ವಾಸಿ,
ಅರ್ಚನಾ

ತಾ.ಕ.: ಆಸ್ಪತ್ರೆಯ ಹಾಳೆಯ ಒಂದು ನಕಲನ್ನು ಇದರ ಜೊತೆಗೇ ಅಂಟಿಸಿದ್ದೇನೆ. ಬರುವಾಗ ಅಮ್ಮನ ತೂಕ ನಲವತ್ತೆಂಟು ಕಿಲೋ. ಹೋಗುವಾಗ ನಲವತ್ತೈದು ಇರಬೇಕಿತ್ತು, ನಲವತ್ತಾರೂವರೆ ಇದೆ. ಉಳಿದ ಒಂದೂವರೆ ಕಿಲೋ ನೀರನ್ನು ಅಮ್ಮ ಈಗಲೂ ಮೈಯಲ್ಲಿ ಹೊತ್ತುಕೊಂಡು ಕೂತಿದ್ದಾರೆ. ಹಾಳೆಯಲ್ಲಿ ತೂಕದ ಕೆಳಗೆ 'ತಡವಾಗಲು ಕಾರಣ' ಎಂಬ ಸಾಲಿದೆ. ನರ್ಸಮ್ಮ ಕೇಳಿದಾಗ ನಾಚಿಕೆಯಾಗಿ ಖಾಲಿ ಬಿಟ್ಟೆ. ಗೋಡೆಯ ಹತ್ತಿರ ಬಂದಾಗ ಆ ಸಾಲನ್ನು ತಮ್ಮ ಕೈಯಾರೆ ತುಂಬಿ, ಪಕ್ಕದಲ್ಲಿ ಸಹಿ ಹಾಕಿಬಿಡಿ. ಪೆನ್ನನ್ನು ಅಲ್ಲೇ ಕಟ್ಟಿಟ್ಟಿದ್ದೇನೆ.