ಬೇವಿನ ಮರದ ಬಿಳಿ ಮಚ್ಚೆ

ಸನತ್‌ನಗರದ ಕಾರ್ಮಿಕ ವಸತಿಯ ಬೇವಿನ ಮರಕ್ಕೆ ಬಿಳಿ ಮಚ್ಚೆ ಬಿದ್ದದ್ದು ಅಮರೇಶಪ್ಪನ ಕಣ್ಣಿಗೆ ಬಿತ್ತು, ಅಲ್ಲಿಂದಲೇ ಪೀಕಲಾಟ. ಗೋಡೆಯಾಚೆಯ ಕಾರ್ಖಾನೆಯ ಹೊಗೆಯ ಮೇಲೆ ಅವನು ನಾಲ್ಕು ವರ್ಷದಿಂದ ಮಾಲಿನ್ಯ ಇಲಾಖೆಗೆ ಅರ್ಜಿ ಬರೆಯುತ್ತಿದ್ದ. ಅಷ್ಟೂ ವರ್ಷ ಹೆಂಡತಿ ಶಿವದೇವಿ ಕೆಮ್ಮುತ್ತಿದ್ದಳು. ಕೆಮ್ಮನ್ನು ಲಕೋಟೆಯಲ್ಲಿ ಹಾಕಿ ಕಳಿಸಲಾಗದ್ದರಿಂದ ಕಚೇರಿಗೆ ಅದು ಮುಟ್ಟಿರಲಿಲ್ಲ. ಕೊನೆಗೂ ಇವತ್ತು ತನಿಖೆ. ಹೊಗೆ ಕುಡಿದು ಮರಕ್ಕೇ ಚರ್ಮರೋಗ ಹತ್ತಿದೆ, ಇದಕ್ಕಿಂತ ಸಾಕ್ಷಿ ಬೇಕೆ ಎಂದು ಅವನು ಕಾದಿದ್ದ.

ಬೆಳಿಗ್ಗೆ ಏಳಕ್ಕೇ ಪಕ್ಕದ ಮನೆಯ ಸೂರ್ಯಕಾಂತ ಸುಣ್ಣದ ಬಕೀಟು, ಕೆಮ್ಮಣ್ಣಿನ ಡಬ್ಬಿ ಹಿಡಿದು ಬಂದ. ಅಧಿಕಾರಿ ಬರುವಾಗ ಮರದ ಬುಡಕ್ಕೆ ಕೆಂಪು, ಬಿಳಿ ಪಟ್ಟೆ ಬಳಿಯದಿರುವುದೆಂದರೆ ಮದುಮಗನನ್ನು ಬನಿಯನ್ನಿನಲ್ಲಿ ಹಸೆಗೆ ಕೂರಿಸಿದಂತೆ.

"ಮುಟ್ಟಬ್ಯಾಡ್ರಿ ಅಣ್ಣಾರ. ಅದು ನಮ್ಮ ಸಾಕ್ಷಿ ಐತಿ."

"ರೋಗದ ಗಿಡ ತೋರಿಸಿದ್ರ ಕಾಲೋನಿ ಮರ್ಯಾದಿ ಏನಾಗಬೇಕೋ ಹುಚ್ಚಪ್ಪಾ?"

ಅಮರೇಶಪ್ಪ ಮರಕ್ಕೆ ಬೆನ್ನು ಕೊಟ್ಟು ನಿಂತ. ಬ್ರಷ್ಷು ನಿಲ್ಲಲಿಲ್ಲ, ಅಂಗಿಗೆ ಅಡ್ಡಡ್ಡ ಸುಣ್ಣ ಬಿತ್ತು. ಎದುರುಮನೆಯ ಶಾಮಲಾ ವೈನಿ, ಅದು ಬರೀ ಬೂಷ್ಟು, ಬಿಸಿನೀರಿಗೆ ಹೋಗುತ್ತದೆ ಎಂದು ಪಾತ್ರೆ ತಂದು ಹೊಯ್ದರು. ಬೂಷ್ಟಿಗೆ ಹೊಯ್ದದ್ದು ಅವನ ಪಾದಕ್ಕೆ ತಾಗಿತು. ಮಹಡಿಯ ಉಪೇಂದ್ರ ಕಬ್ಬಿಣ ತಿಕ್ಕುವ ತಂತಿ ಬ್ರಷ್ಷನ್ನೇ ಇಳಿಸಿಕೊಂಡು ಬಂದಾಗ ಅಮರೇಶಪ್ಪನಿಗೆ ಬೇರೆ ದಾರಿ ಉಳಿಯಲಿಲ್ಲ. ಮರವನ್ನು ತಬ್ಬಿಕೊಂಡ. ಶಿವದೇವಿ ರೊಟ್ಟಿ ಅಲ್ಲಿಗೇ ತಂದು, ಎರಡು ಮಾತಿಗೊಮ್ಮೆ ಕೆಮ್ಮುತ್ತ ಅಂದಳು, "ಒಳಗ ಬರ್ರಿ. ನಿಮ್ಮನ್ನ ನೋಡಿ ಗಿಡಕ್ಕೇ ನಾಚಿಕಿ ಬಂದೈತಿ."

ಮೂರು ಗಂಟೆಗೆ ಅಧಿಕಾರಿ ನಳಿನಿ ಬಂದರು. ಮೈಸೂರಿನವರು, ಈ ತೆಲುಗು ಊರಿನಲ್ಲಿ ಕನ್ನಡದಲ್ಲೇ ಮಾತಾಡಬಹುದು ಎಂದು ತಿಳಿದಾಗ ಅಮರೇಶಪ್ಪನ ಅರ್ಧ ಆಯಾಸ ಇಳಿಯಿತು. ಅವರು ಭೂತಗನ್ನಡಿ ಹಿಡಿದು ಮಚ್ಚೆಯ ಮೇಲೆ ಬಾಗಿದರು. ಮುಖ ಅರಳಿತು.

"ಯಾರೂ ಇದನ್ನ ಮುಟ್ಟಿಲ್ಲ ತಾನೇ?"

"ಮುಂಜಾನಿಂದ ಜೀವಾ ಕೊಟ್ಟು ಕಾದೀನ್ರಿ ಮೇಡಂ."

"ಒಳ್ಳೇದಾಯ್ತು. ಇದು ರೋಗ ಅಲ್ಲ, ಅಮರೇಶಪ್ಪನವರೇ. ಮಸಾಲೆಗೆ ಕಲ್ಲುಹೂವು ಹಾಕ್ತೀರಲ್ಲ, ಅದರ ಬಳಗ. ತೊಗಟೆ ಮೇಲೆ ಬೆಳೆಯೋ ಜಾತಿ. ಹೊಗೆ ಇದ್ದಲ್ಲಿ ಮೊದಲು ಸಾಯೋದೇ ಇದು. ಇಷ್ಟು ಸೊಂಪಾಗಿ ಬೆಳೆದಿದೆ ಅಂದ್ರೆ ನಿಮ್ಮ ಗಾಳಿ ಶುದ್ಧ."

ಅಮರೇಶಪ್ಪ ತಬ್ಬಿದ ಮರವನ್ನು ಬಿಟ್ಟ. "ಮತ್ತ ನಮ್ಮಾಕಿ ಕೆಮ್ಮು?"

"ಅದು ನಮ್ಮ ಇಲಾಖೆಗೆ ಬರಲ್ಲ."

ಕಾರ್ಖಾನೆಯವರು ಎರಡನೇ ಚಿಮಣಿಗೆ ಅನುಮತಿ ಕೇಳಿದ್ದಾರೆ, ಅದಕ್ಕೂ ಇದೇ ವರದಿ ಸಾಕು ಎಂದು ಅವರು ಸಂತೋಷದಿಂದಲೇ ತಿಳಿಸಿದರು. ಅಷ್ಟರಲ್ಲಿ ಗೋಡೆಯಾಚೆಯಿಂದ ಹೊಗೆ ಕವಿಯಿತು. ನಳಿನಿ ಕರವಸ್ತ್ರದಿಂದ ಮೂಗು ಮುಚ್ಚಿಕೊಂಡು ಕಾಗದ ಚಾಚಿದರು. ವರದಿಗೆ ದೂರುದಾರರ ಸಹಿ ಬೇಕಿತ್ತು.

ನಡುವೆ ಕೆಮ್ಮು ಬಂದು ಅಮರೇಶಪ್ಪನ ಸಹಿ ಸೊಟ್ಟಾಯಿತು. ಇನ್ನೊಂದು ಪ್ರತಿಯ ಮೇಲೆ ನೆಟ್ಟಗೆ ಹಾಕಿಸಿಕೊಂಡೇ ಅವರು ಹೊರಟರು.